ನಾಲ್ಕು ಕಾಲು ಬೇಡ, ಹಿಂದಿನ ಎರಡು ಸಾಕು

ಪ್ರಶ್ನೆ: ನಾವು ಮಂಡ್ಯದವರು. ಹಳೆಯ ಟ್ರಾವೆಲರ್ ವ್ಯಾನೊಂದನ್ನು ಕ್ಯಾರವಾನ್ ಮಾಡಿಸಿಕೊಂಡು ಎರಡು ವರ್ಷವಾಯಿತು. ಆರ್‌ಸಿಯಲ್ಲಿಯೂ ಹಾಗೆಯೇ ನಮೂದಾಗಿದೆ. ನಾನು, ನನ್ನ ಹೆಂಡತಿ ಮತ್ತು 78 ವರ್ಷದ ನನ್ನ ತಾಯಿ ಅದರಲ್ಲಿ ಹೋಗುತ್ತೇವೆ. ರಾತ್ರಿ ಯಾರಾದರೂ ಎದ್ದು ನಾಲ್ಕು ಹೆಜ್ಜೆ ನಡೆದರೆ ಗಾಡಿ ತೂಗುತ್ತದೆ. ಹಿಂದಿನ ಮಂಚದಲ್ಲಿ ಮಲಗುವ ತಾಯಿಗೆ ತಕ್ಷಣ ಎಚ್ಚರವಾಗುತ್ತದೆ. ಮಂಡಿನೋವಿನಿಂದಾಗಿ ಮೆಟ್ಟಿಲು ಇಳಿಯುವಾಗ ಗಾಡಿ ವಾಲಿದರೆ ಅವರಿಗೆ ಭಯವೂ ಆಗುತ್ತದೆ. ನಾಲ್ಕು ಮೂಲೆಗೂ ಸ್ಟೆಬಿಲೈಸರ್ ಕಾಲು, ಅಂದರೆ ಗಾಡಿ ಅಲುಗದಂತೆ ನೆಲಕ್ಕೆ ಊರುವ ಕಾಲು, ಹಾಕಿಸಿದರೆ ಸರಿಹೋಗುತ್ತದೆ ಎಂದು ವರ್ಕ್‌ಶಾಪಿನವರು ಹೇಳುತ್ತಾರೆ. ಸ್ನೇಹಿತರೊಬ್ಬರು ಅದು ದುಡ್ಡಿಗೆ ದಂಡ ಎನ್ನುತ್ತಾರೆ. ನಮ್ಮದು ಹೆಚ್ಚಾಗಿ ಒಂದೊಂದು ರಾತ್ರಿಯ ಪ್ರಯಾಣ. ವರ್ಷಕ್ಕೆ ಎರಡು ಬಾರಿ ಮಾತ್ರ ಪಾಂಡವಪುರದ ಬಳಿ ಇರುವ ನಮ್ಮ ತೋಟದಲ್ಲಿ ವಾರಗಟ್ಟಲೆ ನಿಲ್ಲಿಸುತ್ತೇವೆ. ಏನು ಮಾಡಲಿ?

ಉತ್ತರ: ಹಿಂದಿನ ಎರಡು ಕಾಲು ಹಾಕಿಸಿ, ಮುಂದಿನ ಎರಡನ್ನು ಬಿಡಿ. ಅದಕ್ಕೂ ಮೊದಲು, ಗಾಡಿಗೆ ಒಂದು ತೂತೂ ಕೊರೆಸದೆ ಒಂದು ರಾತ್ರಿ ಪರೀಕ್ಷೆ ಮಾಡಿ ನೋಡಿ. ಆ ಪರೀಕ್ಷೆ ಹೇಗೆ ಎನ್ನುವುದನ್ನು ಮುಂದೆ ಬರೆದಿದ್ದೇನೆ. ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ, ವರ್ಕ್‌ಶಾಪಿನವರು ಹೇಳಿದ್ದರಲ್ಲಿಯೂ ಅರ್ಧವಿದೆ. ಬರೀ ನೀವಿಬ್ಬರೇ ಹೋಗುವವರಾಗಿದ್ದರೆ ನಾನೂ ಬೇಡ ಎಂದೇ ಹೇಳುತ್ತಿದ್ದೆ. ತಾಯಿಯವರ ನಿದ್ದೆ ಮತ್ತು ಮಂಡಿಯ ವಿಷಯ ಬಂದಿರುವುದರಿಂದ ಲೆಕ್ಕ ಬದಲಾಗುತ್ತದೆ.

ಈ ಕಾಲುಗಳ ಬಗ್ಗೆ ಬಹಳ ಜನರಿಗೆ ಇರುವ ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ಸರಿಪಡಿಸಬೇಕು. ಜೆಸಿಬಿ ಕೆಲಸಕ್ಕೆ ನಿಂತಾಗ ಹಿಂಬದಿಯ ಎರಡು ಕಾಲುಗಳನ್ನು ನೆಲಕ್ಕೆ ಊರಿ, ಹಿಂದಿನ ಚಕ್ರಗಳನ್ನೇ ನೆಲದಿಂದ ಎತ್ತಿಬಿಡುವುದನ್ನು ನೀವು ನೋಡಿರುತ್ತೀರಿ. ಕ್ಯಾರವಾನ್ ಕಾಲುಗಳೂ ಹಾಗೆಯೇ ಎಂದು ಭಾವಿಸಿ ಕೊಂಡವರೇ ಹೆಚ್ಚು. ಜೆಸಿಬಿಯ ಕಾಲು ಹೈಡ್ರಾಲಿಕ್ ಬಲದಿಂದ ಯಂತ್ರದ ಭಾರವನ್ನು ಹೊರಲೆಂದೇ ಮಾಡಿದ್ದು. ಕ್ಯಾರವಾನ್‌ಗೆ ಸಿಗುವ ಕತ್ತರಿ ಜಾಕಿಯಂತಹ ಕಾಲು ಗಾಡಿಯನ್ನು ಎತ್ತುವುದಕ್ಕೆ ಇರುವುದಲ್ಲ. ಎತ್ತಿನ ಗಾಡಿಯ ಎತ್ತು ಬಿಚ್ಚಿದ ಮೇಲೆ ಮೂಕಿಯ ಕೆಳಗೆ ಒಂದು ಊರುಗೋಲು ಕೊಡುತ್ತಾರಲ್ಲ, ಅದರ ಕೆಲಸವೇ ಇದರದ್ದು. ಭಾರವನ್ನೆಲ್ಲ ಚಕ್ರಗಳೇ ಹೊತ್ತಿರುತ್ತವೆ. ಊರುಗೋಲು ಅಲುಗಾಟವನ್ನು ಹಿಡಿಯುತ್ತದೆ, ಅಷ್ಟೆ. ಗಾಡಿಯನ್ನು ಸಮತಟ್ಟು ಮಾಡುವ ಕೆಲಸ ಬೇರೆ, ಅಲುಗದಂತೆ ಮಾಡುವ ಕೆಲಸ ಬೇರೆ. ಎರಡನ್ನೂ ಒಂದೇ ಸಾಮಾನಿನಿಂದ ಮಾಡಿಸಲು ಹೊರಟವರು ಜಾಕಿಯ ಸ್ಕ್ರೂ ಬಗ್ಗಿಸಿಕೊಂಡು ನನ್ನ ಬಳಿ ಬಂದಿದ್ದಾರೆ.

ಎತ್ತಿನ ಗಾಡಿಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಕಾರಿನ ಹಿಂದೆ ಎಳೆದುಕೊಂಡು ಹೋಗುವ, ಒಂದೇ ಅಚ್ಚಿನ ಟ್ರೈಲರ್ ಕ್ಯಾರವಾನ್ ಇದ್ದವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಅವರಿಗೆ ಕಾಲು ಬೇಕೇ ಬೇಕು. ಕಾರಿನಿಂದ ಬಿಡಿಸಿ ನಿಲ್ಲಿಸಿದ ಮೇಲೆ ಇಬ್ಬರು ಹಿಂಬದಿಗೆ ಹೋಗಿ ಕುಳಿತರೆ ಗಾಡಿ ಹಿಂಭಾರವಾಗಿ ಮೂತಿ ಮೇಲಕ್ಕೆದ್ದುಬಿಡುತ್ತದೆ. ಕಬ್ಬು ತುಂಬುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮದು ನಾಲ್ಕು ಮೂಲೆಯಲ್ಲೂ ಚಕ್ರವಿರುವ ಗಾಡಿ, ಆದ್ದರಿಂದ ಮಗುಚುವ ಭಯವಿಲ್ಲ. ನಿಮ್ಮ ಪ್ರಶ್ನೆ ನೆಮ್ಮದಿಗೆ ಸಂಬಂಧಿಸಿದ್ದು.

ಗಾಡಿ ತೂಗುವುದೇಕೆ? ರಸ್ತೆಯ ಗುಂಡಿಗಳನ್ನು ನುಂಗಲೆಂದು ಇಟ್ಟಿರುವ ಸ್ಪ್ರಿಂಗ್ ಮತ್ತು ಟೈರುಗಳು ಗಾಡಿ ನಿಂತ ಮೇಲೂ ತಮ್ಮ ಗುಣವನ್ನು ಬಿಡುವುದಿಲ್ಲ. ಇಷ್ಟು ತೂಕದ ವಾಹನಗಳು ಸ್ಪ್ರಿಂಗ್ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ ಒಂದೂವರೆಯಿಂದ ಎರಡೂವರೆ ಬಾರಿ ಮೇಲೆ ಕೆಳಗೆ ತೂಗುತ್ತವೆ. ಮನುಷ್ಯ ಸಹಜವಾಗಿ ನಡೆಯುವಾಗ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತಾನೆ. ಎರಡೂ ಲಯ ಹೆಚ್ಚು ಕಡಿಮೆ ಒಂದೇ ಆಗಿಬಿಡುತ್ತವೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಬಲಕ್ಕೂ ಹೇಗೆ ಎತ್ತರಕ್ಕೆ ಹೋಗುತ್ತದೆಯೋ ಹಾಗೆ ಪ್ರತಿ ಹೆಜ್ಜೆಯೂ ಹಿಂದಿನ ಅಲುಗಾಟಕ್ಕೆ ಇನ್ನಷ್ಟು ಸೇರಿಸುತ್ತದೆ. ಐವತ್ತು ಕಿಲೋ ತೂಕದವರು ನಡೆದರೂ ಇಡೀ ಗಾಡಿ ತೂಗುವುದು ಇದೇ ಕಾರಣಕ್ಕೆ. ರಾತ್ರಿ ಎದ್ದವರು ನಿಧಾನವಾಗಿ, ಲಯ ತಪ್ಪಿಸಿ ಹೆಜ್ಜೆ ಇಟ್ಟರೆ ಅಲುಗಾಟ ಕಡಿಮೆಯಾಗುವುದನ್ನು ನೀವು ಇಂದೇ ಪರೀಕ್ಷಿಸಬಹುದು.

ಇನ್ನು ತಾಯಿಯವರ ಮಂಚದ ಸ್ಥಾನ. ಹಿಂದಿನ ಅಚ್ಚಿನಿಂದಾಚೆಗೆ ಚಾಚಿಕೊಂಡಿರುವ ಭಾಗದಲ್ಲಿ ಅವರು ಮಲಗುತ್ತಾರೆ. ಇಡೀ ಗಾಡಿಯಲ್ಲಿ ಅತಿ ಹೆಚ್ಚು ಏರಿಳಿಯುವ ಜಾಗ ಅದೇ. ಕೆಂಪು ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತು ನಾಗಮಂಗಲದವರೆಗೆ ಹೋದವರಿಗೆಲ್ಲ ಇದು ಗೊತ್ತು. ಮಂಚವನ್ನು ಎರಡು ಅಚ್ಚುಗಳ ನಡುವೆ ತರಲು ಸಾಧ್ಯವಿದ್ದರೆ ಒಂದು ಪೈಸೆ ಖರ್ಚಿಲ್ಲದೆ ಅರ್ಧ ತೊಂದರೆ ತೀರುತ್ತದೆ. ಒಳಗಿನ ಮರಗೆಲಸ ಮುಗಿದುಹೋಗಿರುವುದರಿಂದ ಅದು ಕಷ್ಟವಾಗಬಹುದು. ಆದರೂ ಮುಂದೆ ಎಂದಾದರೂ ಒಳಾಂಗಣ ಬದಲಿಸುವಾಗ ಇದನ್ನು ನೆನಪಿನಲ್ಲಿಡಿ.

ಈಗ ಪರೀಕ್ಷೆಗೆ ಬರೋಣ. ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಡಿ. ತಾಯಿಯವರ ಮಂಚದ ಮೇಲೆ ಒಂದು ಹಲಗೆ ಇಟ್ಟು, ಅದರ ಮೇಲೆ ಅಗಲವಾದ ಪಾತ್ರೆಯಲ್ಲಿ ಅರ್ಧದಷ್ಟು ನೀರಿಡಿ. ನಿಮ್ಮ ಮನೆಯವರು ಮುಂದಿನ ಸೀಟಿನಿಂದ ಹಿಂದಿನವರೆಗೆ ಎಂದಿನಂತೆ ನಡೆದು ಬರಲಿ. ಅವರು ನಿಂತ ಮೇಲೆ ನೀರು ಶಾಂತವಾಗಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಎಣಿಸಿ ಬರೆದುಕೊಳ್ಳಿ. ನಂತರ ಒಬ್ಬರು ಬಾಗಿಲಿನ ಮೆಟ್ಟಿಲು ಇಳಿಯಲಿ, ಅದನ್ನೂ ಬರೆದುಕೊಳ್ಳಿ. ಆಮೇಲೆ ಹಿಂದಿನ ಅಚ್ಚಿನಾಚೆ ಚಾಸಿಯ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿನ) ಎರಡೂ ಉದ್ದನೆಯ ತೊಲೆಗಳ ಕೆಳಗೆ ಒಂದೊಂದು ಸ್ಕ್ರೂ ಜಾಕಿ ನಿಲ್ಲಿಸಿ, ತಾಗಿದ ಮೇಲೆ ಒಂದು ಸುತ್ತು ಮಾತ್ರ ಬಿಗಿ ಮಾಡಿ, ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ಜಾಕಿ ಕೊಳ್ಳಬೇಕಾಗಿಲ್ಲ. ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವವರ ಬಳಿ ತಟ್ಟೆಯಿರುವ ಸ್ಕ್ರೂ ಜಾಕಿ ಸಿಗುತ್ತದೆ. ಎತ್ತರ ಸಾಲದಿದ್ದರೆ ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿ. ಜಾಕಿ ಕೊಟ್ಟ ಮೇಲೆ ಯಾರೂ ಗಾಡಿಯ ಕೆಳಗೆ ನುಗ್ಗಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಆ ರಾತ್ರಿ ತಾಯಿಯವರನ್ನು ಅದರಲ್ಲಿಯೇ ಮಲಗಿಸಿ. ನೀರಿನ ಪಾತ್ರೆ ಏನೇ ಹೇಳಲಿ, ಬೆಳಗ್ಗೆ ಅವರು ಹೇಳುವ ಮಾತೇ ಕೊನೆಯ ತೀರ್ಪು. ಅವರಿಗೆ ವ್ಯತ್ಯಾಸ ತಿಳಿಯಲಿಲ್ಲ ಎಂದಾದರೆ ಕಾಲು ಹಾಕಿಸಬೇಡಿ, ನಿಮ್ಮ ಸ್ನೇಹಿತರೇ ಗೆದ್ದರು. ನನ್ನ ಅನುಭವದಲ್ಲಿ ಹಿಂದಿನ ಎರಡು ಊರುಗೋಲುಗಳಿಂದಲೇ ಏರಿಳಿತವೂ ಅಕ್ಕಪಕ್ಕದ ವಾಲಾಟವೂ ಬಹುಪಾಲು ನಿಂತುಬಿಡುತ್ತವೆ. ಮುಂದಿನ ಎರಡನ್ನು ಸೇರಿಸಿದರೆ ಸಿಗುವ ಲಾಭ ಅತ್ಯಲ್ಪ. ಮುಂಭಾಗದಲ್ಲಿ ಎಂಜಿನ್ನಿನ ಭಾರವೇ ಇರುವುದರಿಂದ ಅಲ್ಲಿ ಅಲುಗಾಟ ಮೊದಲೇ ಕಡಿಮೆ. ಹಿಂದೆ ಮುಂದೆ ಜಗ್ಗುವ ಅಲುಗಾಟ ಉಳಿದಿದ್ದರೆ ಅದಕ್ಕೆ ನೇರ ಕಾಲುಗಳು ಮದ್ದಲ್ಲ. ಚಕ್ರಗಳಿಗೆ ಕೊಟ್ಟ ಕಲ್ಲು ಸಡಿಲವಾಗಿರುತ್ತದೆ, ಅದನ್ನು ಬಿಗಿಯಾಗಿ ಕೊಡಿ.

ಸಮತಟ್ಟು ಮಾಡುವುದಕ್ಕೆ ಹಲಗೆಗಳೇ ಸಾಕು. ಗಾರೆ ಕೆಲಸದವರ ಒಂದು ಚಿಕ್ಕ ರಸಮಟ್ಟವನ್ನು ಗಾಡಿಯ ನೆಲದ ಮೇಲೆ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಇಟ್ಟು ನೋಡಿ. 3350 ಮಿಲಿಮೀಟರ್ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ) ಇರುವ ಟ್ರಾವೆಲರ್‌ನಲ್ಲಿ ಉದ್ದಕ್ಕೆ ಒಂದು ಡಿಗ್ರಿ ಓರೆ ಎಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ಎತ್ತರದಲ್ಲಿ ಸುಮಾರು 58 ಮಿಲಿಮೀಟರ್ ವ್ಯತ್ಯಾಸ. ಸುಮಾರು ಒಂದೂಕಾಲು ಅಂಗುಲದ ಎರಡು ಹಲಗೆ ಒಂದರ ಮೇಲೊಂದು ಇಟ್ಟು ಚಕ್ರ ಹತ್ತಿಸಿದರೆ ಅದು ಮುಗಿಯಿತು. ಹಿಂದೆ ಜೋಡಿ ಚಕ್ರವಿದ್ದರೆ ಹಲಗೆ ಎರಡು ಟೈರಿಗೂ ಸಿಗುವಷ್ಟು ಅಗಲವಾಗಿರಲಿ. ಒಂದೇ ಟೈರು ಇಡೀ ಭಾರ ಹೊರುವಂತೆ ಮಾಡಬೇಡಿ. ನಿಮ್ಮ ಫ್ರಿಜ್ ಗ್ಯಾಸಿನಿಂದ ನಡೆಯುವುದಾಗಿದ್ದರೆ ಓರೆ ನಿಲ್ಲಿಸಿದಾಗ ಅದು ಸರಿಯಾಗಿ ತಣ್ಣಗಾಗುವುದಿಲ್ಲ, ಹಾಳೂ ಆಗಬಹುದು. ಕಂಪ್ರೆಸರ್ ಇರುವುದಾಗಿದ್ದರೆ ಅಷ್ಟು ಚಿಂತೆಯಿಲ್ಲ. ಮಲಗುವವರ ತಲೆಯ ಕಡೆ ಒಂದಿಷ್ಟು ಎತ್ತರವಿದ್ದರೆ ಒಳ್ಳೆಯದು, ತಗ್ಗಾಗಿದ್ದರೆ ಯಾರಿಗೂ ನಿದ್ದೆ ಬರುವುದಿಲ್ಲ.

ನೆಲದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ನಮ್ಮ ಜಿಲ್ಲೆಗಳಲ್ಲಿ ಕಾಲುಗಳು ಸೋಲುವುದು ಇಲ್ಲಿಯೇ. ಕಾಲಿನ ತಳದ ತಟ್ಟೆ ಹತ್ತು ಸೆಂಟಿಮೀಟರ್ ಚೌಕವಾಗಿದ್ದು, ಅದರ ಮೇಲೆ 200 ಕಿಲೋ ಭಾರ ಬಂತು ಎಂದುಕೊಳ್ಳಿ. ಪ್ರತಿ ಚದರ ಸೆಂಟಿಮೀಟರ್‌ಗೆ ಎರಡು ಕಿಲೋ. 60 ಕಿಲೋ ತೂಕದ ಮನುಷ್ಯ ಎರಡು ಕಾಲ ಮೇಲೆ ನಿಂತಾಗ ನೆಲದ ಮೇಲೆ ಬೀಳುವ ಒತ್ತಡ ಇದಕ್ಕಿಂತ ಬಹಳ ಕಡಿಮೆ. ಅದೇ ಕಾಲಿನ ಕೆಳಗೆ ಮೂವತ್ತು ಸೆಂಟಿಮೀಟರ್ ಚೌಕದ, ನಾಲ್ಕು ಸೆಂಟಿಮೀಟರ್ ದಪ್ಪದ ಗಟ್ಟಿ ಮರದ ಹಲಗೆ ಇಟ್ಟರೆ ಒತ್ತಡ ಚದರ ಸೆಂಟಿಮೀಟರ್‌ಗೆ ಕಾಲು ಕಿಲೋಗಿಂತ ಕೆಳಗೆ ಇಳಿಯುತ್ತದೆ. ಕಾಲುಗಳಿಗೆ ಎಷ್ಟೇ ಖರ್ಚು ಮಾಡಿ, ಈ ಹಲಗೆ ಇಲ್ಲದಿದ್ದರೆ ಅವು ಕೆಸರಿನಲ್ಲಿ ಊರಿದ ಕೋಲಿನಂತೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹಲವು ವರ್ಷಗಳ ಹಿಂದೆ ಶ್ರೀರಂಗಪಟ್ಟಣದ ಬಳಿ ನಾಲೆಯ ಪಕ್ಕ, ಕಟಾವು ಮುಗಿದ ಗದ್ದೆಯಲ್ಲಿ ಒಂದು ವ್ಯಾನ್ ನಿಲ್ಲಿಸಿದ್ದೆವು. ಮೇಲ್ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಗಟ್ಟಿಯಾಗಿ ಕಂಡಿತು. ನಾಲೆಯ ಬದಿಯ ಗದ್ದೆ ಮೇಲೆ ಒಣಗಿದ್ದರೂ ಒಂದು ಗೇಣು ಕೆಳಗೆ ಹಸಿಯಾಗಿರುತ್ತದೆ ಎಂಬುದು ರೈತರ ಮನೆಯಲ್ಲಿ ಹುಟ್ಟಿದ ನನಗೆ ಹೊಳೆಯಬೇಕಿತ್ತು. ಹಲಗೆ ಇಡಲಿಲ್ಲ. ಅದರ ಮೇಲೆ, ಓರೆಯನ್ನು ಕಾಲುಗಳಿಂದಲೇ ಸರಿಪಡಿಸಲು ಹೋಗಿ ಒಂದು ಬದಿಯ ಚಕ್ರಗಳ ಭಾರವನ್ನೆಲ್ಲ ಕಾಲಿನ ಮೇಲೆ ತಂದಿದ್ದೆ. ಮಧ್ಯರಾತ್ರಿ ಮಳೆ ಬಂತು. ಹಿಂದಿನ ಎಡಗಾಲು ಮೊಳದುದ್ದ ಇಳಿದುಹೋಯಿತು, ಗಾಡಿ ವಾಲಿ ಬಾಗಿಲಿನ ಚೌಕಟ್ಟು ಬಿಗಿದು ಬಾಗಿಲು ತೆರೆಯಲೇ ಇಲ್ಲ. ಒಳಗೆ ಇಬ್ಬರು ಮಕ್ಕಳಿದ್ದರು. ಡ್ರೈವರ್ ಬಾಗಿಲಿನಿಂದ ಅವರನ್ನು ಇಳಿಸಿದೆವು. ಯಾರಿಗೂ ಏನೂ ಆಗಲಿಲ್ಲ, ಆದರೆ ಅಂದು ನನಗಾದ ಭಯ ಇನ್ನೂ ಹೋಗಿಲ್ಲ. ಅಂದಿನಿಂದ ಹಲಗೆ ಕೊಡದೆ ಯಾರಿಗೂ ನಾನು ಕಾಲು ಜೋಡಿಸಿಕೊಟ್ಟಿಲ್ಲ.

ನಿಮ್ಮ ತೋಟದಲ್ಲಿ ವಾರಗಟ್ಟಲೆ ನಿಲ್ಲಿಸುವ ಜಾಗವನ್ನು ಗೊತ್ತುಮಾಡಿ, ಎರಡು ಕಾಲು ಬೀಳುವಲ್ಲಿ ಒಂದೊಂದು ಸಿಮೆಂಟ್ ಚಪ್ಪಡಿಯನ್ನು ನೆಲದ ಮಟ್ಟಕ್ಕೆ ಹೂತಿಟ್ಟುಬಿಡಿ. ಮೇಲುಕೋಟೆಯ ಕಡೆ ಬಂಡೆಯ ನೆಲ, ಅಲ್ಲಿ ಹಲಗೆ ಜಾರದಂತೆ ನೋಡಿಕೊಂಡರೆ ಸಾಕು. ತಲಕಾಡಿನ ಮರಳಿನಲ್ಲಿ ಕಾಲು ಇಳಿಸುವುದೇ ಬೇಡ. ದಸರೆಗೆ ಮೈಸೂರಿನ ನೆಂಟರ ಮನೆಯ ಮುಂದೆ ನಿಲ್ಲಿಸುವುದಾದರೂ ಹಲಗೆ ಮರೆಯಬೇಡಿ, ಅವರ ಅಂಗಳದ ಹಾಸುಕಲ್ಲು ಒಡೆಯಬಾರದು. ಏಪ್ರಿಲ್ ಬಿಸಿಲಿನಲ್ಲಿ ಡಾಂಬರು ಮೆತ್ತಗಾದಾಗ ಕಾಲಿನ ತಟ್ಟೆ ಅದರಲ್ಲಿಯೂ ಹೂತುಕೊಳ್ಳುತ್ತದೆ.

ನದಿ ತೀರದ ಬಗ್ಗೆ ಒಂದು ಮಾತು ಗಟ್ಟಿಯಾಗಿಯೇ ಹೇಳುತ್ತೇನೆ. ಕೃಷ್ಣರಾಜಸಾಗರ 124.80 ಅಡಿಗೆ ತುಂಬಿ ಹೊರಹರಿವು ಹೆಚ್ಚಿಸಿದಾಗ ಕೆಳಗಿನ ಕಾವೇರಿ ಕೆಲವೇ ಗಂಟೆಗಳಲ್ಲಿ ಏರುತ್ತದೆ. ಮಳೆಗಾಲದಲ್ಲಿ ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ರಾತ್ರಿ ನಿಲ್ಲಿಸಲೇಬಾರದು. ಬೇರೆ ಯಾವುದೇ ನೀರಿನ ಅಂಚಿನಲ್ಲಿ ನಿಲ್ಲಿಸಿದರೂ ಕಾಲು ಇಳಿಸದೆ, ಮೂತಿಯನ್ನು ರಸ್ತೆಯ ಕಡೆಗೆ ಮಾಡಿ ನಿಲ್ಲಿಸಿ. ಕತ್ತಲೆಯಲ್ಲಿ, ಮಳೆಯಲ್ಲಿ, ಕೈಯಿಂದ ಹಿಡಿ ತಿರುಗಿಸಿ ನಾಲ್ಕು ಕಾಲು ಮೇಲಕ್ಕೆತ್ತುವಷ್ಟು ಸಮಯ ಸಿಗದೆ ಇರಬಹುದು. ನಾಲ್ಕು ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ತೂಕ. ಒಂದು ಕತ್ತರಿ ಕಾಲು, ಅದರ ಬ್ರಾಕೆಟ್, ನಟ್ಟು ಬೋಲ್ಟು ಎಲ್ಲ ಸೇರಿ ಹತ್ತು ಕಿಲೋ ಎಂದಿಟ್ಟುಕೊಳ್ಳಿ. ಎರಡಕ್ಕೆ ಇಪ್ಪತ್ತು. ಆದರೆ ಅವು ಹಿಂದಿನ ಅಚ್ಚಿಗಿಂತ ಸುಮಾರು 1.2 ಮೀಟರ್ ಹಿಂದೆ ನೇತಾಡುವುದರಿಂದ ಸನ್ನೆಗೋಲಿನ ಲೆಕ್ಕದಲ್ಲಿ ಹಿಂದಿನ ಅಚ್ಚಿಗೆ 27 ಕಿಲೋ ಸೇರುತ್ತದೆ, ಮುಂದಿನ ಅಚ್ಚಿನಿಂದ 7 ಕಿಲೋ ಕಡಿಮೆಯಾಗುತ್ತದೆ. ಕ್ಯಾರವಾನ್‌ಗಳಲ್ಲಿ ನೀರಿನ ಟ್ಯಾಂಕು, ಬ್ಯಾಟರಿ, ಮಂಚ ಎಲ್ಲವೂ ಹಿಂದೆಯೇ ಇರುವುದರಿಂದ ಹಿಂದಿನ ಅಚ್ಚು ಮೊದಲೇ ಬಸವಳಿದಿರುತ್ತದೆ. ಮಂಡ್ಯದಲ್ಲಿ ವೇಬ್ರಿಡ್ಜ್‌ಗಳಿಗೆ ಬರವಿಲ್ಲ. ನೀರು, ಸಿಲಿಂಡರ್, ಬಟ್ಟೆಬರೆ ಎಲ್ಲ ತುಂಬಿಕೊಂಡು ಹೋಗಿ ಇಡೀ ಗಾಡಿಯ ತೂಕ ಒಮ್ಮೆ, ಹಿಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಇನ್ನೊಮ್ಮೆ ತೂಗಿಸಿ. ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಗೆ ಹೋಲಿಸಿ ನೋಡಿ. ಮಿತಿಯ ಅಂಚಿನಲ್ಲಿದ್ದರೆ ಕಾಲುಗಳಿಗಿಂತ ಮೊದಲು ಬೇರೆ ಏನಾದರೂ ಇಳಿಸಬೇಕು.

ಮೂರನೆಯದು ರಸ್ತೆ ಉಬ್ಬು. ಕತ್ತರಿ ಕಾಲು ಮಡಿಸಿದಾಗಲೂ ಚಾಸಿಯಿಂದ ನಾಲ್ಕು ಅಂಗುಲದಷ್ಟು ಕೆಳಗೆ ಇರುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಹಳ್ಳಿಗಳ ಉಬ್ಬುಗಳನ್ನು ಯಾರೂ ಅಳತೆಪಟ್ಟಿ ಹಿಡಿದು ಹಾಕಿಲ್ಲ. ನಾಲೆ ಏರಿಯಿಂದ ತೋಟದ ದಾರಿಗೆ ಇಳಿಯುವಾಗಲೂ ಬಾಲವೇ ಮೊದಲು ನೆಲಕ್ಕೆ ತಾಗುವುದು. ಅದಕ್ಕೇ ಕಾಲುಗಳನ್ನು ತೀರಾ ಹಿಂಬದಿಯ ಅಂಚಿಗೆ ಹಾಕಿಸಬೇಡಿ. ಹಿಂದಿನ ಚಕ್ರ ನೆಲ ಮುಟ್ಟುವ ಜಾಗದಿಂದ ಗಾಡಿಯ ಬಾಲದ ಅತಿ ಕೆಳಗಿನ ಬಿಂದುವಿಗೆ ಒಂದು ಹುರಿ ಬಿಗಿಯಾಗಿ ಹಿಡಿಯಿರಿ. ಮಡಿಸಿದ ಕಾಲು ಆ ಹುರಿಗಿಂತ ಕೆಳಗೆ ಬರುವಂತಿದ್ದರೆ ಅದನ್ನು ಅಚ್ಚಿನ ಕಡೆಗೆ ಸರಿಸಬೇಕು. ಹಾಗೆ ಮಾಡಿದರೆ ಹಿಡಿತ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಕಾಲು ಉಳಿಯುತ್ತದೆ. ಅಗಲಕ್ಕೆ ಮಾತ್ರ ಎಷ್ಟು ಸಾಧ್ಯವೋ ಅಷ್ಟು ದೂರ ದೂರ ಇರಲಿ.

ಜೋಡಿಸುವ ಕೆಲಸದಲ್ಲಿ ನೀವು ಎದುರಿಗೆ ನಿಂತು ನೋಡಬೇಕಾದದ್ದು ಇಷ್ಟು. ಕಾಲು ಚಾಸಿಯ ತೊಲೆಗೇ ಬರಬೇಕು. ಒಳಗಿನ ನೆಲದ ತಗಡಿಗೆ ಅಥವಾ ಪ್ಲೈವುಡ್ಡಿಗೆ ಬೋಲ್ಟ್ ಹಾಕಲು ಬಿಡಬೇಡಿ. ಸಾಧ್ಯವಾದರೆ ತೊಲೆಯನ್ನು ತಬ್ಬಿ ಹಿಡಿಯುವ ಕ್ಲ್ಯಾಂಪ್ ಮಾಡಿಸಿ. ತೂತು ಕೊರೆಯಲೇಬೇಕೆಂದರೆ ತೊಲೆಯ ನಿಂತ ಬದಿಯಲ್ಲಿ ಮಾತ್ರ. ಮೇಲಿನ ಮತ್ತು ಕೆಳಗಿನ ಮಡಿಕೆಗಳೇ ಬಾಗುವ ಬಲವನ್ನು ತಡೆಯುವುದರಿಂದ ಅಲ್ಲಿ ಕೊರೆದ ತೂತು ಮುಂದೆ ಬಿರುಕಾಗುತ್ತದೆ. ಚಾಸಿಗೆ ವೆಲ್ಡಿಂಗ್ ಬೇಡವೇ ಬೇಡ. ಬ್ರಾಕೆಟ್‌ಗಳನ್ನು ಹೊರಗೆ ವೆಲ್ಡ್ ಮಾಡಿ ತಂದು ಬೋಲ್ಟ್ ಹಾಕಲಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಬೋಲ್ಟ್ ಬಿಚ್ಚಿದರೆ ಕಳಚಿಬರುವ, ಗಾಡಿಯ ಉದ್ದ ಅಗಲ ಬದಲಿಸದ ಜೋಡಣೆಯನ್ನೇ ಮಾಡಿಸಿ, ಮಂಡ್ಯದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಮುಂದುವರಿಯಿರಿ.

ಬಳಸುವಾಗ ಎಲ್ಲರೂ ಗಾಡಿಯಿಂದ ಇಳಿದ ಮೇಲೆ ಕಾಲು ಬಿಗಿ ಮಾಡಿ. ಒಳಗೆ ಜನರಿದ್ದಾಗ ಸ್ಪ್ರಿಂಗ್ ಕುಗ್ಗಿರುತ್ತದೆ. ಆಗ ಬಿಗಿ ಮಾಡಿದರೆ ಒಬ್ಬರು ಇಳಿದ ತಕ್ಷಣ ಗಾಡಿ ಮೇಲಕ್ಕೆದ್ದು ಕಾಲು ಸಡಿಲವಾಗುತ್ತದೆ. ಖಾಲಿಯಿದ್ದಾಗ ತಟ್ಟೆ ಹಲಗೆಗೆ ತಾಗಿದ ಮೇಲೆ ಒಂದು ಅಥವಾ ಒಂದೂವರೆ ಸುತ್ತು ಹೆಚ್ಚು ತಿರುಗಿಸಿದರೆ, ನೀವು ಹತ್ತಿದಾಗ ಆ ಭಾರ ಕಾಲಿನ ಮೇಲೆಯೇ ಕೂರುತ್ತದೆ. ಅದಕ್ಕಿಂತ ಹೆಚ್ಚು ಬೇಡ. ಬಹುತೇಕ ವ್ಯಾನುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಎಂಜಿನ್ ತಿರುಗಿಸುವುದೂ ಹಿಂದಿನ ಚಕ್ರಗಳನ್ನೇ. ಅವು ನೆಲ ಬಿಟ್ಟರೆ ಬ್ರೇಕೂ ಇಲ್ಲ, ಗೇರಿನ ಹಿಡಿತವೂ ಇಲ್ಲ. ವಾರಗಟ್ಟಲೆ ನಿಂತಾಗ ಟ್ಯಾಂಕಿನಿಂದ ನೂರು ಲೀಟರ್ ನೀರು ಖಾಲಿಯಾದರೆ ನೂರು ಕಿಲೋ ಇಳಿದಂತೆ, ಗಾಡಿ ಮತ್ತೆ ಮೇಲೇಳುತ್ತದೆ. ದಿನಕ್ಕೊಮ್ಮೆ, ಮಳೆ ಬಂದ ಮೇಲೆ ತಪ್ಪದೆ, ಕಾಲುಗಳನ್ನು ಮುಟ್ಟಿ ನೋಡಿ.

ಒಂದೇ ರಾತ್ರಿಯ ಪ್ರಯಾಣದಲ್ಲಿ ಕಾಲು ಇಳಿಸುವುದೋ ಬಿಡುವುದೋ ತಾಯಿಯವರು ಜೊತೆಗಿದ್ದಾರೆಯೇ ಎಂಬುದರ ಮೇಲೆ ನಿರ್ಧರಿಸಿ. ಎರಡೇ ಕಾಲು, ಕೈಹಿಡಿಯಿಂದ ತಿರುಗಿಸುವುದು, ಒಟ್ಟು ಐದಾರು ನಿಮಿಷದ ಕೆಲಸ. ಹೈಡ್ರಾಲಿಕ್ ಅಥವಾ ಮೋಟಾರಿನ ಕಾಲು ನಿಮ್ಮ ಗಾಡಿಗೆ ಬೇಡ. ಅವುಗಳ ತೂಕ, ವೈರಿಂಗ್, ದುರಸ್ತಿ ಯಾವುದಕ್ಕೂ ನಿಮ್ಮ ಬಳಕೆ ಸಾಟಿಯಾಗುವುದಿಲ್ಲ. ಕಾಲು ಇಳಿಸಿದ ಕೂಡಲೇ ಅದರ ತಿರುಗಿಸುವ ಹಿಡಿಯನ್ನು ತಂದು ಡ್ರೈವರ್ ಸೀಟಿನ ಮೇಲೆ ಇಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಕಾಲು ಎತ್ತದೆ ಗಾಡಿ ಹೊರಡಿಸಿ ಬ್ರಾಕೆಟ್ ಸಮೇತ ಕಿತ್ತುಕೊಂಡ ಪ್ರಕರಣಗಳನ್ನು ನಾನು ಕಂಡಿದ್ದೇನೆ. ಹಿಡಿಯ ಮೇಲೆ ಯಾರೂ ಕುಳಿತು ಗಾಡಿ ಓಡಿಸಲಾರರು. ಸ್ಕ್ರೂಗೆ ಗ್ರೀಸ್ ಮೆತ್ತಿದರೆ ನಮ್ಮ ದೂಳೆಲ್ಲ ಅಂಟಿ ಅರದ ಹಾಗೆ ಉಜ್ಜುತ್ತದೆ. ಬ್ರಷ್‌ನಿಂದ ಕೆಸರು ತೆಗೆದು ಸಿಲಿಕೋನ್ ಸ್ಪ್ರೇ ಹೊಡೆಯಿರಿ.

ಮೆಟ್ಟಿಲಿನ ಭಯಕ್ಕೆ ಮಾತ್ರ ಕಾಲುಗಳನ್ನೇ ನೆಚ್ಚಬೇಡಿ. ಗಾಡಿಗೆ ಜೋಡಿಸಿದ ಮೆಟ್ಟಿಲು ಗಾಡಿಯೊಂದಿಗೇ ಅಲುಗುತ್ತದೆ. ನೆಲದ ಮೇಲೆ ತಾನೇ ನಿಲ್ಲುವ, ಒಂದೊಂದು ಮೆಟ್ಟಿಲೂ ಐದಾರು ಅಂಗುಲಕ್ಕಿಂತ ಎತ್ತರವಿಲ್ಲದ, ಒಂದು ಬದಿಗೆ ಕಂಬಿಯಿರುವ ಅಗಲವಾದ ಮರದ ಮೆಟ್ಟಿಲು ಮಾಡಿಸಿ, ಬಾಗಿಲಿನ ಪಕ್ಕ ಒಳಗಡೆ ಎದೆಯ ಎತ್ತರಕ್ಕೆ ಒಂದು ಉದ್ದನೆಯ ಹಿಡಿ ಹಾಕಿಸಿ. ಮಂಡಿನೋವಿನವರಿಗೆ ಇದು ಎರಡು ಕಾಲುಗಳಿಗಿಂತ ದೊಡ್ಡ ಉಪಕಾರ. ಗಾಡಿ ನಿಶ್ಚಲವಾಗಿದ್ದಾಗಲೂ ಅವರಿಗೆ ತಲೆ ಸುತ್ತುತ್ತಿದ್ದರೆ ಅದನ್ನು ವೈದ್ಯರಿಗೆ ತೋರಿಸಿ.

ಪರೀಕ್ಷೆ ಮುಗಿದ ಮೇಲೆ ನಾಲ್ಕು ವಿಷಯ ಬರೆದು ಕಳುಹಿಸಿ: ಜಾಕಿ ಇಲ್ಲದಾಗ ಮತ್ತು ಇದ್ದಾಗ ನೀರು ಶಾಂತವಾಗಲು ಹಿಡಿದ ಸೆಕೆಂಡುಗಳು, ಹಿಂದಿನ ಅಚ್ಚಿನ ತೂಕ, ಹುರಿ ಹಿಡಿದಾಗ ಚಾಸಿಯ ಕೆಳಗೆ ಉಳಿದ ಅಂತರ, ಮತ್ತು ಬೆಳಗ್ಗೆ ನಿಮ್ಮ ತಾಯಿಯವರು ಹೇಳಿದ ಮಾತು. ಬ್ರಾಕೆಟ್ ಎಲ್ಲಿ ಕೂರಬೇಕೆಂದು ಅಳತೆ ಹಾಕಿ ಬರೆಯುತ್ತೇನೆ.